ಬೇಳೆಯೂ ಪ್ರೋಟೀನ್, ವಿಷವೂ ಪ್ರೋಟೀನ್

ಔರಾದ್: ಎರೆನೆಲದ ಸಾಲುಗಳಲ್ಲಿ

ಮಿರಗದ ಮಳೆ ಹದವಾಗಿ ಬಿತ್ತೆಂದರೆ ಔರಾದ್ ಸೀಮೆಯ ಎರೆ ಹೊಲಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೆಸರು, ಉದ್ದು, ಸೋಯಾ, ತೊಗರಿ ಒಂದರ ಬೆನ್ನಿಗೊಂದು ಬಿತ್ತನೆಯಾಗುತ್ತವೆ. ಶ್ರಾವಣ ಬರುವಷ್ಟರಲ್ಲಿ ಸೋಯಾ ಸಾಲುಗಳು ಒಂದಕ್ಕೊಂದು ಕೂಡಿಕೊಂಡು ನೆಲ ಮುಚ್ಚುತ್ತವೆ. ಹೆಂಗಸರು ಖುರಪಿ ಹಿಡಿದು ಸಾಲುಗಟ್ಟಿ ಕುಳಿತು, ಕುಳಿತಲ್ಲೇ ಮುಂದೆ ಸರಿಯುತ್ತ ಕಳೆ ತೆಗೆಯುತ್ತಾರೆ. ಎಡಗೈ ಗಿಡದ ಬುಡ ಸರಿಸುತ್ತದೆ, ಬಲಗೈ ಹುಲ್ಲು ಕೀಳುತ್ತದೆ. ಬಾಯಲ್ಲಿ ಮಾತು, ಬೆನ್ನ ಮೇಲೆ ಬಿಸಿಲು. ಎಲೆಯ ಮರೆಯಲ್ಲಿ ಏನಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.

ಬೀದರ್ ಬೇಳೆಕಾಳಿನ ಜಿಲ್ಲೆ. ಕಾಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ: ಭಾರತದಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಈ ನಾಲ್ಕೂ ದಖ್ಖನಿನ ಒಣನೆಲದಲ್ಲಿ ಬಾಳುವ ಹಾವುಗಳೇ. ಗಡಿಯ ಮರಾಠಿ ಮನೆಗಳಲ್ಲಿ ಕೊಳಕುಮಂಡಲ ಘೋಣಸ ಆಗುತ್ತದೆ, ಗರಗಸ ಮಂಡಲ ಫುರಸೆ ಆಗುತ್ತದೆ. ಕೊಳಕುಮಂಡಲದ ಬೆನ್ನ ಮೇಲೆ ಕಂದು ಬಣ್ಣದ ಮೊಟ್ಟೆಯಾಕಾರದ ಮಚ್ಚೆಗಳು ಮೂರು ಸಾಲಾಗಿ ಓಡುತ್ತವೆ. ಕೆಣಕಿದರೆ ಉಸಿರು ತುಂಬಿಕೊಂಡು ಉದ್ದಕ್ಕೆ ಬುಸುಗುಟ್ಟುತ್ತದೆ. ಗರಗಸ ಮಂಡಲ ಒಂದೆರಡು ಅಡಿಯ ಗಿಡ್ಡ ಜೀವ. ಸುರುಳಿ ಸುತ್ತಿ, ಮೈಯ ಪಕ್ಕದ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಹೊರಡಿಸುತ್ತದೆ. ಕಟ್ಟುಹಾವಿನದು ಮಾತ್ರ ಸದ್ದಿಲ್ಲದ ಕೆಲಸ. ರಾತ್ರಿ ನೆಲದ ಹಾಸಿಗೆಗೆ ಬಂದು ಕಚ್ಚಿ ಹೋದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಶುರುವಾಗಿ, ರೆಪ್ಪೆ ಎತ್ತಲಾಗದೆ ಹೋದಾಗ ಮನೆಯವರು ಗಾಬರಿಯಾಗುತ್ತಾರೆ.

ಇಲ್ಲಿನ ಶಾಲೆಯ ಮಕ್ಕಳನ್ನು ಕೇಳಿದರೆ ಪ್ರೋಟೀನ್ ಎಂದರೆ ತೊಗರಿಬೇಳೆ, ಮೊಟ್ಟೆ, ಹಾಲು ಎಂದು ಥಟ್ಟನೆ ಹೇಳುತ್ತಾರೆ. ಸರಿಯಾದ ಉತ್ತರವೇ. ಆದರೆ ಅದೇ ಹೊಲದ ಹಾವಿನ ವಿಷವನ್ನು ಒಣಗಿಸಿ ತೂಗಿದರೆ ಅದರ ನೂರು ಪಾಲಿನಲ್ಲಿ 90ಕ್ಕೂ ಹೆಚ್ಚು ಪಾಲು ಪ್ರೋಟೀನೇ ಇರುತ್ತದೆ. ಬೇಳೆಯ ಪ್ರೋಟೀನಿಗೂ ವಿಷದ ಪ್ರೋಟೀನಿಗೂ ಕಚ್ಚಾವಸ್ತು ಒಂದೇ: ಅವೇ 20 ಬಗೆಯ ಅಮೈನೋ ಆಮ್ಲಗಳು. ಅವು ಯಾವ ಕ್ರಮದಲ್ಲಿ ಸರಪಳಿಯಾಗಿ ಜೋಡಿಸಿಕೊಂಡಿವೆ, ಆ ಸರಪಳಿ ಹೇಗೆ ಮಡಚಿಕೊಂಡು ಯಾವ ಆಕಾರಕ್ಕೆ ಬಂದಿದೆ ಎಂಬುದರಲ್ಲೇ ಎಲ್ಲ ವ್ಯತ್ಯಾಸ ಅಡಗಿದೆ. ಒಂದು ಮಡಿಕೆ ತಟ್ಟೆಗೆ ಬಂದು ಮೈಗೂಡುತ್ತದೆ. ಇನ್ನೊಂದು ಮಡಿಕೆ ಹಲ್ಲಿನ ಮೂಲಕ ಒಳಗಿಳಿದು ನೆತ್ತರು ಕೆಡಿಸುತ್ತದೆ, ನರ ಕಟ್ಟಿಹಾಕುತ್ತದೆ.

ಈ ಮಡಿಕೆಗಳಿಗೂ ಒಂದು ಲೆಕ್ಕವಿದೆ. ಸರಪಳಿಯ ಪ್ರತಿ ಕೊಂಡಿ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದನ್ನೊಂದು ತಾಗಿ ತಡೆಯುತ್ತವೆ ಎಂಬುದನ್ನು 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಒಂದೇ ನಕ್ಷೆಯಲ್ಲಿ ಹಿಡಿದಿಟ್ಟರು. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇಂದಿಗೂ ಜಗತ್ತಿನ ಯಾವುದೇ ಪ್ರಯೋಗಾಲಯ ಹೊಸ ಪ್ರೋಟೀನಿನ ಆಕಾರ ಕಂಡುಹಿಡಿದರೆ ಅದು ಸರಿಯೇ ಎಂದು ಒರೆಗೆ ಹಚ್ಚುವುದು ರಾಮಚಂದ್ರನ್ ನಕ್ಷೆಗೆ.

ಭಾಲ್ಕಿ: ಕಬ್ಬು, ಬೇರು, ಹರಳು

ಭಾಲ್ಕಿ ಕಡೆಗೆ ಬಂದರೆ ನೋಟ ಬದಲಾಗುತ್ತದೆ. ಕಾರಂಜಾ ಜಲಾಶಯದ ನೀರು ಮತ್ತು ಬೋರಿನ ನೀರು ಸಿಕ್ಕ ಕಡೆ ಕಬ್ಬು ಎದ್ದು ನಿಂತಿದೆ. ಸುಗ್ಗಿಯಲ್ಲಿ ಹುಣಜಿಯ ಸಕ್ಕರೆ ಕಾರ್ಖಾನೆಯ ದಾರಿ ತುಂಬ ಟ್ರ್ಯಾಕ್ಟರುಗಳ ಸಾಲು. ಕಬ್ಬಿನ ಒಳಗೆ ಹಗಲಲ್ಲೂ ಮಬ್ಬು. ಒಣಗಿದ ರವದಿ ಮೊಣಕಾಲವರೆಗೆ ಬಿದ್ದಿರುತ್ತದೆ, ಅದರ ಕೆಳಗೆ ಇಲಿಗಳ ಬಿಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ಎದ್ದು ನೀರು ಕಟ್ಟಲು ಹೋಗಬೇಕು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಮೊಬೈಲಿನ ಬೆಳಕು, ಕಾಲಲ್ಲಿ ಬಹಳವೆಂದರೆ ಚಪ್ಪಲಿ. ಕಡಿತ ಬಹುಪಾಲು ಪಾದದ ಮೇಲೆ, ಹಿಮ್ಮಡಿಯ ಹತ್ತಿರ, ಮೀನಖಂಡದ ಮೇಲೆ.

“ಅಣ್ಣಾ, ಹುಳ ಮುಟ್ಯಾದ, ಗಾಡಿ ತೆಗಿ” ಎಂಬ ಒಂದು ಕೂಗಿಗೆ ಊರು ಏಳುತ್ತದೆ. ಅಲ್ಲಿಂದ ಎರಡು ದಾರಿ. ಒಂದು ಮಾರುತಿ ಗುಡಿಗೆ: ಬೇವಿನ ಸೊಪ್ಪು ತಿನ್ನಿಸಿ ಕಹಿ ಹತ್ತಿತೇ ಎಂದು ಕೇಳುವುದು, ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವುದು, ನಿದ್ದೆ ಮಾಡಗೊಡದೆ ಕೂರಿಸುವುದು, ಬೇರು ಅರೆದು ಕುಡಿಸುವುದು. ಇನ್ನೊಂದು ದಾರಿ ಆಸ್ಪತ್ರೆಗೆ. ಮೊದಲ ದಾರಿಯಲ್ಲಿ ಕಳೆದ ಪ್ರತಿ ಗಂಟೆಯೂ ಎರಡನೆಯ ದಾರಿಯನ್ನು ಕಷ್ಟವಾಗಿಸುತ್ತದೆ. ಹಗ್ಗ ಬಿಗಿದ ಕಾಲಿಗೆ ರಕ್ತವಿಲ್ಲದೆ ಮಾಂಸ ಕೊಳೆಯುವುದೂ ಉಂಟು.

ಆದರೂ ಬೇರಿನ ಕತೆಯನ್ನು ಅಷ್ಟಕ್ಕೇ ಬಿಡುವಂತಿಲ್ಲ, ಏಕೆಂದರೆ ಕನ್ನಡ ನಾಡಿನ ಪ್ರಯೋಗಾಲಯವೊಂದು ಅದನ್ನು ಬಿಡಲಿಲ್ಲ. ಹಾವಿಗೆ ಮದ್ದೆಂದು ನಾಟಿ ವೈದ್ಯರು ಹಿಂದಿನಿಂದ ಬಳಸಿದ ಗಿಡಗಳಲ್ಲಿ ಈಶ್ವರಿ ಬಳ್ಳಿಯೂ ಒಂದು. ಅದರ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ವಸ್ತುವಿದೆ. ಮೈಸೂರಿನ ಮಾನಸಗಂಗೋತ್ರಿಯ ಜೀವರಸಾಯನ ವಿಭಾಗದಲ್ಲಿ ಟಿ. ವೀರಬಸಪ್ಪ ಗೌಡರು ಕೊಳಕುಮಂಡಲದ ವಿಷದಿಂದ ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವನ್ನು ಬೇರ್ಪಡಿಸಿ ಅದರ ಗುಣಗಳನ್ನು ಅಭ್ಯಾಸ ಮಾಡುತ್ತಿದ್ದರು. 1987ರಲ್ಲಿ ಬಿ.ಎಸ್. ವಿಶ್ವನಾಥ್ ಮತ್ತು ಗೌಡರು ಆ ಕಿಣ್ವಕ್ಕೆ ಅರಿಸ್ಟೊಲೋಕಿಕ್ ಆಮ್ಲ ಸೇರಿಸಿ ನೋಡಿ, ಕಿಣ್ವದ ಕೆಲಸವೂ ಅದು ಎಬ್ಬಿಸುವ ಊತವೂ ತಗ್ಗುವುದನ್ನು ವರದಿ ಮಾಡಿದರು.

ಆ ಕಿಣ್ವ ಸುಮಾರು 120 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು. ಗಂಧಕದ ಏಳು ಸೇತುವೆಗಳು ಅದರ ಸರಪಳಿಯನ್ನು ಅಲ್ಲಲ್ಲಿ ಬಿಗಿದು ಹಿಡಿದಿವೆ. ನಡುವೆ ಒಂದು ತಗ್ಗು. ಕೊಬ್ಬಿನಿಂದಾದ ಜೀವಕೋಶದ ಪೊರೆಯ ಅಣು ಆ ತಗ್ಗಿಗೆ ಇಳಿಯುತ್ತದೆ, ಅಲ್ಲಿ ಕೂತ ಕ್ಯಾಲ್ಸಿಯಂ ಅದನ್ನು ಹಿಡಿದುಕೊಳ್ಳುತ್ತದೆ, ಕಿಣ್ವ ಅದನ್ನು ಸೀಳುತ್ತದೆ. ಪೊರೆ ಹರಿದ ಸ್ನಾಯು ಕರಗುತ್ತದೆ, ಕಾಲು ಬಾಯುತ್ತದೆ.

ಇಂಥ ತಗ್ಗನ್ನು ಕಣ್ಣಿಗೆ ತರುವುದು ಹರಳಿನ ಕೆಲಸ. ಶುದ್ಧ ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಎಕ್ಸ್‌ರೇ ಹಾಯಿಸಿ, ಚದುರಿದ ಕಿರಣಗಳ ಚುಕ್ಕಿಗಳಿಂದ ಪ್ರತಿ ಪರಮಾಣುವಿನ ಸ್ಥಾನ ಲೆಕ್ಕ ಹಾಕುತ್ತಾರೆ. 2002ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ತೇಜ್ ಪಾಲ್ ಸಿಂಗ್ ಅವರ ತಂಡ ಕೊಳಕುಮಂಡಲದ ಇದೇ ಬಗೆಯ ಕಿಣ್ವವನ್ನು ಅರಿಸ್ಟೊಲೋಕಿಕ್ ಆಮ್ಲದೊಂದಿಗೆ ಹರಳುಗಟ್ಟಿಸಿ, 1.7 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯ ಚಿತ್ರ ತೆಗೆಯಿತು. ಒಂದು ಸೆಂಟಿಮೀಟರನ್ನು 10 ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ಆಂಗ್‌ಸ್ಟ್ರಾಮ್. ಬೀದರಿನ ಗಲ್ಲಿಯಲ್ಲಿ ಕೂತ ಬಿದರಿ ಕುಸುರಿಗಾರ ಕಪ್ಪು ಲೋಹದಲ್ಲಿ ಕೊರೆದ ಗೆರೆಗೆ ಬೆಳ್ಳಿ ತಂತಿ ಕೂರಿಸುವಂತೆ, ಕೂದಲೆಳೆಯಷ್ಟೂ ಸಂದಿಲ್ಲದೆ, ಬೇರಿನ ಅಣು ಆ ತಗ್ಗಿನಲ್ಲಿ ಕೂತಿತ್ತು. ತಗ್ಗು ತುಂಬಿದ ಮೇಲೆ ಪೊರೆಗೆ ಅಲ್ಲಿ ಜಾಗವಿಲ್ಲ.

ಹಾಗೆಂದು ಬೇರು ಅರೆದು ಕುಡಿಯಬಹುದೇ? ಖಂಡಿತ ಕೂಡದು. ವಿಷದಲ್ಲಿರುವುದು ಒಂದೇ ಪ್ರೋಟೀನಲ್ಲ, ಹತ್ತಾರು. ಬೇರು ತಡೆಯುವುದು ಅವುಗಳಲ್ಲಿ ಒಂದು ಬಗೆಯನ್ನು. ಮೇಲಾಗಿ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಹಾಳು ಮಾಡುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿದೆ. ಬೇರು ವಿಜ್ಞಾನಿಗೆ ತೋರಿಸಿದ್ದು ತಗ್ಗಿನ ಆಕಾರವನ್ನು. ಆ ಆಕಾರಕ್ಕೆ ಹೊಂದುವ, ಮೈಗೆ ಕೇಡು ಮಾಡದ ಅಣುವನ್ನು ಹುಡುಕುವ ಕೆಲಸ ಅಲ್ಲಿಂದ ಮುಂದಿನದು. ನಮ್ಮ ದೇಹದಲ್ಲೂ ಇದೇ ಮನೆತನದ ಕಿಣ್ವಗಳಿವೆ. ಕೀಲು ಬಾತ ರೋಗಿಗಳ ಕೀಲಿನ ದ್ರವದಲ್ಲಿ ಅವು ಏರಿರುತ್ತವೆ. ಅವುಗಳನ್ನು ತಡೆಯಲೆಂದು ತಯಾರಿಸಿದ ವರೆಸ್‌ಪ್ಲಾಡಿಬ್ ಎಂಬ ಔಷಧ ಹೃದಯರೋಗದ ಪರೀಕ್ಷೆಯಲ್ಲಿ ಸೋತಿತು. ಅದೇ ಅಣು ಹಾವಿನ ಕಿಣ್ವಕ್ಕೆ ಗಟ್ಟಿ ತಡೆಯೆಂದು 2016ರಲ್ಲಿ ತಿಳಿಯಿತು. ಇದು ಬಾಯಿಂದ ನುಂಗುವ ಔಷಧ. ಹೊಲದಲ್ಲೇ ಕೊಟ್ಟು ಆಸ್ಪತ್ರೆಗೆ ಹೊರಡಿಸಬಹುದೆಂಬ ಆಸೆಯಿಂದ ಭಾರತದ ರೋಗಿಗಳಲ್ಲೂ ಇದರ ಪರೀಕ್ಷೆ ನಡೆದಿದೆ.

ಬೀದರ್: ಗಾಜಿನ ನಳಿಕೆಯಲ್ಲಿ 20 ನಿಮಿಷ

ಔರಾದಿನಿಂದಲೂ ಭಾಲ್ಕಿಯಿಂದಲೂ ಬೀದರ್ ನಲವತ್ತು ಕಿಲೋಮೀಟರಿನ ಆಸುಪಾಸು. ಎರೆನೆಲ ಹಿಂದೆ ಬಿದ್ದು, ರಸ್ತೆ ಏರಿ, ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ಬರುತ್ತದೆ. ಕೋಟೆಯ ಗೋಡೆಯೂ ಕಂದಕವೂ ಅದೇ ಕಲ್ಲಿನವು. 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಒಂದೇ ಮಿನಾರು, ಚೌಬಾರಾದ ದುಂಡು ಗೋಪುರ, ಅಲ್ಲಿಂದ ಮುಂದೆ ಊರಿನ ಗದ್ದಲ. ಬ್ರಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಮಳೆಗಾಲದ ರಾತ್ರಿ 108ರ ಗಾಡಿ ಬಂದು ನಿಂತರೆ ಇಳಿಯುವವರ ಕಾಲಲ್ಲಿ ಇನ್ನೂ ಹಸಿ ಎರೆ ಮೆತ್ತಿಕೊಂಡಿರುತ್ತದೆ.

ಹಾವು ಕಡಿತಕ್ಕೆ ದೊಡ್ಡ ಯಂತ್ರ ಬೇಡದ ಒಂದು ಪರೀಕ್ಷೆ ಇದೆ. ಒಣಗಿದ, ಶುದ್ಧವಾದ ಹೊಸ ಗಾಜಿನ ನಳಿಕೆ ಬೇಕು. ರೋಗಿಯ 2 ಮಿಲಿಲೀಟರ್ ರಕ್ತ ಅದಕ್ಕೆ ಹಾಕಿ, ಅಲುಗಿಸದೆ ಮೇಜಿನ ಮೇಲೆ ನಿಲ್ಲಿಸುತ್ತಾರೆ. 20 ನಿಮಿಷ ಯಾರೂ ಮುಟ್ಟುವಂತಿಲ್ಲ. ಗಾಜೇ ಆಗಬೇಕು, ಪ್ಲಾಸ್ಟಿಕ್ ನಡೆಯದು. ಗಾಜಿನ ಮೈ ತಾಗಿದಾಗ ರಕ್ತದ ಒಂದು ಪ್ರೋಟೀನು ಎಚ್ಚೆತ್ತು, ಅದು ಇನ್ನೊಂದನ್ನು ಎಬ್ಬಿಸಿ, ಹಾಗೆಯೇ ಸರದಿ ಸಾಗಿ ಹೆಪ್ಪು ಕಟ್ಟುತ್ತದೆ. ಗಡಿಯಾರ ನೋಡಿಕೊಂಡು ನರ್ಸ್ ನಳಿಕೆಯನ್ನು ಮೆಲ್ಲಗೆ ಓರೆ ಮಾಡುತ್ತಾರೆ. ರಕ್ತ ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ನಿಟ್ಟುಸಿರು. ನೀರಿನಂತೆ ಗೋಡೆಗುಂಟ ಹರಿದರೆ ಕಡಿದದ್ದು ಮಂಡಲದ ಜಾತಿ ಎಂದು ಬಗೆದು ಪ್ರತಿವಿಷ ಶುರು.

ಆ ನಳಿಕೆಯಲ್ಲಿ ನಡೆದದ್ದೇನು? ನೆತ್ತರಿನಲ್ಲಿ ಫೈಬ್ರಿನೋಜೆನ್ ಎಂಬ ಉದ್ದನೆಯ ಪ್ರೋಟೀನು ಕರಗಿಕೊಂಡು ಸುತ್ತುತ್ತಿರುತ್ತದೆ. ಗಾಯವಾದಾಗ ಥ್ರಾಂಬಿನ್ ಬಂದು ಅದರ ಒಂದೆರಡು ತುಣುಕು ಕತ್ತರಿಸಿದರೆ, ಮುಚ್ಚಿದ್ದ ಗುಬುಟುಗಳು ತೆರೆದು ಪಕ್ಕದ ಅಣುವಿನ ಕುಳಿಗಳಿಗೆ ಸಿಕ್ಕಿಕೊಂಡು ಬಲೆ ಹೆಣೆದುಕೊಳ್ಳುತ್ತವೆ. ಅದೇ ಹೆಪ್ಪು. ಕೊಳಕುಮಂಡಲದ ವಿಷದಲ್ಲಿ ಆರ್‌ವಿವಿ-ಎಕ್ಸ್ ಎಂಬ ಕಿಣ್ವವಿದೆ. ಅದು ಹೆಪ್ಪಿನ ಸರದಿಯ ಹತ್ತನೆಯ ಅಂಶದ ಒಂದೇ ಒಂದು ಬಂಧವನ್ನು ಗುರಿಯಿಟ್ಟು ಕತ್ತರಿಸಿ, ಗಾಯವಿಲ್ಲದ ಕಡೆಯೆಲ್ಲ ಹೆಪ್ಪು ಕಟ್ಟಿಸುತ್ತದೆ. ಸಣ್ಣ ಸಣ್ಣ ಹೆಪ್ಪುಗಳಲ್ಲಿ ಫೈಬ್ರಿನೋಜೆನ್ ಎಲ್ಲ ಖರ್ಚಾಗುತ್ತದೆ. ಆಮೇಲೆ ವಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ಒಸರುವ ರಕ್ತಕ್ಕೆ ತಡೆಯೇ ಇಲ್ಲ. ಪ್ರತಿವಿಷ ಕೊಟ್ಟು ಆರು ಗಂಟೆಯ ನಂತರ ಮತ್ತೆ ನಳಿಕೆ ಪರೀಕ್ಷೆ ಮಾಡುತ್ತಾರೆ. ಯಕೃತ್ತು ಹೊಸ ಫೈಬ್ರಿನೋಜೆನ್ ತಯಾರಿಸಲು ಅಷ್ಟು ಹೊತ್ತು ಬೇಕು.

ಪ್ರತಿವಿಷದ ಪ್ರಮಾಣದಲ್ಲೂ ಇಂಥದೇ ಲೆಕ್ಕವಿದೆ. ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. 10 ಮಿಲಿಲೀಟರಿನ ಒಂದು ಸೀಸೆ ಪ್ರತಿವಿಷ ಈ ಹಾವಿನ 6 ಮಿಲಿಗ್ರಾಂ ವಿಷವನ್ನು ತಟಸ್ಥಗೊಳಿಸುವಂತೆ ತಯಾರಾಗಿದೆ. ಹೀಗಾಗಿ ಮೊದಲ ಸರದಿಗೇ ಹತ್ತರಷ್ಟು ಸೀಸೆ. ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ. ಮಗುವೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ.

ನಾಗರ ಮತ್ತು ಕಟ್ಟುಹಾವಿನ ವಿಷ ಬೇರೆ ಕಡೆಗೆ ಹೋಗುತ್ತದೆ. ನಾಗರದ ವಿಷದ ಮುಖ್ಯ ಪ್ರೋಟೀನುಗಳು 60-70 ಅಮೈನೋ ಆಮ್ಲಗಳಷ್ಟೇ ಉದ್ದ, ಆಕಾರದಲ್ಲಿ ಚಾಚಿದ ಮೂರು ಬೆರಳು. ನರ ಮತ್ತು ಸ್ನಾಯು ಸೇರುವ ಕಡೆ ಅಸಿಟೈಲ್‌ಕೋಲಿನ್ ಎಂಬ ಸಂದೇಶದ ಅಣು ಬಂದು ಕೂರುವ ಗ್ರಾಹಕದ ಮೇಲೆ ಆ ಬೆರಳುಗಳು ಕೂತುಬಿಡುತ್ತವೆ. ಸಂದೇಶ ನಿಲ್ಲುತ್ತದೆ. ಮೊದಲು ರೆಪ್ಪೆ ಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಎದೆಯ ಸ್ನಾಯು ಉಸಿರೆಳೆಯಲು ಒಲ್ಲೆನ್ನುತ್ತದೆ. ಕಟ್ಟುಹಾವಿನ ವಿಷ ಇದರ ಜೊತೆಗೆ ನರದ ತುದಿಯನ್ನೇ ಹಾಳುಗೆಡಹುತ್ತದೆ. ಅದಾದ ಮೇಲೆ ಪ್ರತಿವಿಷ ಕೊಟ್ಟರೂ ನರ ಚೇತರಿಸಿಕೊಳ್ಳುವ ತನಕ ವೆಂಟಿಲೇಟರ್ ಉಸಿರಾಡಿಸಬೇಕು.

ಕೊಲ್ಲುವ ಈ ಆಕಾರಗಳೇ ಬೇರೆ ರೋಗಗಳ ಗುಟ್ಟನ್ನೂ ಬಿಡಿಸಿಕೊಟ್ಟಿವೆ. ತೈವಾನಿನಲ್ಲಿ 1963ರಲ್ಲಿ ಕಟ್ಟುಹಾವಿನ ಸೋದರ ಜಾತಿಯೊಂದರಿಂದ ಬೇರ್ಪಡಿಸಿದ ಆಲ್ಫಾ ಬಂಗಾರೊಟಾಕ್ಸಿನ್ ಆ ಗ್ರಾಹಕಕ್ಕೆ ಬಿಡದೆ ಅಂಟುತ್ತದೆ. ಅದನ್ನೇ ಗುರುತಾಗಿ ಬಳಸಿ, ಮಯಾಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯು ದೌರ್ಬಲ್ಯದ ರೋಗಿಗಳಲ್ಲಿ ಗ್ರಾಹಕಗಳೇ ಕಡಿಮೆಯಾಗಿವೆ ಎಂದು 1973ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ರಕ್ತ ಅಕಾಲದಲ್ಲಿ ಹೆಪ್ಪುಗಟ್ಟುವ ಲೂಪಸ್ ಸಂಬಂಧಿ ತೊಂದರೆ ಪತ್ತೆಮಾಡುವ ಪರೀಕ್ಷೆಗೆ ಇಂದಿಗೂ ಕೊಳಕುಮಂಡಲದ ವಿಷ ಬೇಕು. ಗರಗಸ ಮಂಡಲದ ವಿಷದ ಎಕಿಸ್ಟ್ಯಾಟಿನ್ ಎಂಬ 49 ಅಮೈನೋ ಆಮ್ಲಗಳ ಪ್ರೋಟೀನಿನಲ್ಲಿ ಮೂರು ಆಮ್ಲಗಳ ಒಂದು ತಿರುವು ರಕ್ತದ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಆ ತಿರುವನ್ನು ಅನುಕರಿಸಿ ಮಾಡಿದ ಟಿರೋಫಿಬಾನ್ ಹೃದಯಾಘಾತದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಫುರಸೆಯೆಂದು ಕಲ್ಲೆಸೆದು ಓಡಿಸುವ ಜಾತಿಯ ಹಾವು ಎಷ್ಟೋ ಹೃದಯಗಳನ್ನು ನಿಲ್ಲದಂತೆ ಕಾದಿದೆ.

ಬೆಂಗಳೂರು: ಊರೂರಿನ ವಿಷ

ಈಗಿನ ಪ್ರತಿವಿಷದ ಮೂಲ ಉಪಾಯ 1890ರ ದಶಕದ್ದು, ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತೋರಿಸಿದ್ದು. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಶುದ್ಧಮಾಡಿ ತೆಗೆಯುವುದು. ಭಾರತದಲ್ಲಿ ಇದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘದಿಂದ. ಹಾವು ಹಿಡಿಯುವ ಆ ಇರುಳರ ಕೈಚಳಕಕ್ಕೆ ದೇಶವೇ ಋಣಿ. ಆದರೆ ಹಾವಿನ ವಿಷ ಎಲ್ಲ ಕಡೆ ಒಂದೇ ಅಲ್ಲ. ಒಂದೇ ಜಾತಿಯ ಹಾವಾದರೂ ಮಳೆ, ನೆಲ, ಸಿಗುವ ಬೇಟೆ ಬೇರೆಯಾದಂತೆ ಪ್ರೋಟೀನುಗಳ ಮಿಶ್ರಣ ಬದಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ದೇಶದ ಬೇರೆ ಬೇರೆ ಹವಾಮಾನ ವಲಯಗಳ ಕೊಳಕುಮಂಡಲಗಳ ವಿಷ ಸಂಗ್ರಹಿಸಿ ಹೋಲಿಸಿ, 2021ರಲ್ಲಿ ಈ ವ್ಯತ್ಯಾಸವನ್ನು ಎತ್ತಿ ತೋರಿಸಿತು. ಕೆಲವು ಪ್ರದೇಶಗಳ ವಿಷದೆದುರು ಮಾರುಕಟ್ಟೆಯ ಪ್ರತಿವಿಷದ ಬಲ ಸಾಲದೆ ಹೋಯಿತು.

ಹೊಸ ದಾರಿ ಆಕಾರದಿಂದಲೇ ತೆರೆದುಕೊಂಡಿದೆ. 2024ರ ಫೆಬ್ರುವರಿಯಲ್ಲಿ ಇದೇ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯೊಂದಿಗೆ ಸೇರಿ, ಮೂರು ಬೆರಳಿನ ಪ್ರೋಟೀನುಗಳನ್ನು ಹಿಡಿಯುವ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿತು. ಅದರ ಹರಳಿನ ಚಿತ್ರ ನೋಡಿದರೆ ವಿಷ ಕೂರುವ ಗ್ರಾಹಕದ ಮೈಯನ್ನೇ ಈ ಪ್ರತಿಕಾಯ ಹೋಲುತ್ತದೆ. ವಿಷ ನರಕ್ಕೆ ಹೋಗುವ ಬದಲು ಇದಕ್ಕೇ ಅಂಟಿಕೊಳ್ಳುತ್ತದೆ. ಇಲಿಗಳಲ್ಲಿ ಅದು ಜೀವ ಉಳಿಸಿದೆ. ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ರೂಪಿಸಿದ್ದಕ್ಕೆ 2024ರ ರಸಾಯನ ನೊಬೆಲ್ ಹಂಚಿಕೊಂಡ ಡೇವಿಡ್ ಬೇಕರ್ ಅವರ ಬಳಗವೂ 2025ರ ಜನವರಿಯಲ್ಲಿ ಇದೇ ಮೂರು ಬೆರಳನ್ನು ಹಿಡಿಯುವ ಹೊಚ್ಚಹೊಸ ಪ್ರೋಟೀನುಗಳನ್ನು ರೂಪಿಸಿ ತೋರಿಸಿತು. ಕುದುರೆಯಿಲ್ಲದ, ಅಲರ್ಜಿ ಕಡಿಮೆಯಾದ ಪ್ರತಿವಿಷದ ಕನಸು ಈಗ ಬರೀ ಕನಸಾಗಿ ಉಳಿದಿಲ್ಲ.

ಆ ಔಷಧ ಕೈಗೆ ಬರುವವರೆಗೆ ಮಾಡಬೇಕಾದ ಕೆಲಸ ನಮ್ಮ ನೆಲದಲ್ಲಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು 12 ಲಕ್ಷ ಎಂಬ ಅಂದಾಜಿದೆ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವಿನವು, ಅಂದರೆ ಕಳೆ ತೆಗೆಯುವ ದಿನಗಳವು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಮರುತಿಂಗಳೇ ಬಂದ ಕೇಂದ್ರದ ಕ್ರಿಯಾಯೋಜನೆ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿ ಇಟ್ಟುಕೊಂಡಿದೆ. ಈ ಕಾಗದದ ಮಾತು ಔರಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಗಾಜಿನ ನಳಿಕೆಯಾಗಿ, ಭಾಲ್ಕಿಯಲ್ಲಿ ಹತ್ತು ಸೀಸೆ ಪ್ರತಿವಿಷವಾಗಿ, ಬೀದರಿನಲ್ಲಿ ಖಾಲಿ ಇಟ್ಟ ಒಂದು ವೆಂಟಿಲೇಟರಾಗಿ ಕಾಣಬೇಕು. ರಾತ್ರಿ ನೀರು ಕಟ್ಟುವವರ ಕಾಲಿಗೆ ಗಮ್ ಬೂಟು, ಕೈಗೆ ಟಾರ್ಚು ಬೇಕು. ನೆಲದ ಹಾಸಿಗೆಯ ಬದಲು ಮಂಚ, ಅದರ ಮೇಲೆ ಸೊಳ್ಳೆಪರದೆ ಬೇಕು. ನಂದಿನಗರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ; ಹೊಲದಲ್ಲಿ ಎತ್ತಿನ ಕಾಲಿಗೆ ಕಚ್ಚುವುದೂ ಇದೇ ಹಾವು. ಮನುಷ್ಯರ ವೈದ್ಯರೂ ದನದ ವೈದ್ಯರೂ ಕೂಡಿ ಕಡಿತಗಳ ಲೆಕ್ಕವಿಟ್ಟರೆ ಯಾವ ಹೋಬಳಿಯಲ್ಲಿ ಯಾವ ಹಾವು ಎಂಬ ಚಿತ್ರ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ನಾಳೆಯ ಪ್ರತಿವಿಷ ರೂಪಿಸುವವರ ಮೇಜಿನ ಮೇಲೆ ಮಾಂಜ್ರಾ ನದಿಯ ದಂಡೆಯ, ಬೀದರ್ ಜಂಬಿಟ್ಟಿಗೆಯ ಹಾವುಗಳ ವಿಷದ ನಕ್ಷೆಯೂ ಇರಬೇಕು. ಯಾವ ಪ್ರೋಟೀನು, ಯಾವ ಆಕಾರ, ಎಷ್ಟು ಪಾಲು ಎಂದು ತಿಳಿದರೆ ಅದಕ್ಕೆ ತಕ್ಕ ತಡೆ ಮಾಡಲು ವಿಜ್ಞಾನಕ್ಕೆ ಬರುತ್ತದೆ ಎಂಬುದನ್ನು ಮೈಸೂರು, ದೆಹಲಿ, ಬೆಂಗಳೂರು ತೋರಿಸಿಕೊಟ್ಟಿವೆ. ದೇಶದ ತಟ್ಟೆಗೆ ಬೇಳೆಯ ಪ್ರೋಟೀನು ಕಳಿಸುವ ಈ ಜಿಲ್ಲೆಗೆ, ತನ್ನ ಹೊಲದ ವಿಷಕ್ಕೆ ಸರಿಹೊಂದುವ ಔಷಧ ಕೇಳುವ ಪೂರ್ಣ ಹಕ್ಕಿದೆ.